ಹದಿನೈದು ಅಂಕದ ಪ್ರಶ್ನೆ

ಗಂಗೋತ್ರಿಯ ಮೌಲ್ಯಮಾಪನ ಕೊಠಡಿ. ಮೂರನೆಯ ದಿನ.
ಫ್ಯಾನಿಗೆ ಹಾರುವ ಹಾಳೆಗಳ ಮೇಲೆ
ಊಟದ ಡಬ್ಬಿ, ನೀರಿನ ಬಾಟಲಿ, ನನ್ನ ಮೊಣಕೈ.
ಪ್ರಶ್ನೆ ನಾನೇ ತೆಗೆದದ್ದು, ಹೋದ ಆಷಾಢದಲ್ಲಿ:
‘ಗ್ರಾಮೀಣ ಪರಂಪರೆ ಮತ್ತು ಆಧುನಿಕತೆ.
ಒಂದು ಇಂಗ್ಲಿಷ್, ಒಂದು ಚೀನೀ ಕಾದಂಬರಿ
ಹೋಲಿಸಿ ಚರ್ಚಿಸಿ.’

ನಲವತ್ತು ಮಂದಿ ಒಂದೇ ಗೈಡಿನಿಂದ
ಒಂದೇ ನಿಟ್ಟುಸಿರು ಇಳಿಸಿಕೊಂಡಿದ್ದಾರೆ.
ಇಂಗ್ಲಿಷಿನ ಮುದುಕ ಹುಲ್ಲು ಕೊಯ್ಯುವವನು,
ಯಂತ್ರ ಬರುವ ಹಿಂದಿನ ರಾತ್ರಿ
ಬಯಲ ತುಂಬ ಕಬ್ಬಿಣದ ಗೂಟ ನೆಡುತ್ತಾನೆ.
ಚೀನಾದ ಮುದುಕಿ
(ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ಬಂದವಳು,
ಎರಡು ಗಾಣ ದಾಟಿದ ಜಲ್ಲೆಯ ಹಾಗೆ)
ಊರಿಗೆ ಕರೆಂಟಿನ ಗಿರಣಿ ಬಂದ ಮೇಲೂ
ಕಾಳಿಲ್ಲದ ಬೀಸುಗಲ್ಲಿನ ಸುತ್ತ
ದಿನಾ ಕತ್ತೆ ನಡೆಸುತ್ತಾಳೆ,
ದಾರಿ ಮರೆತೀತು ಅಂತ.
‘ಇಬ್ಬರೂ ಕಳೆದುಹೋದ ಮೌಲ್ಯಗಳ ಪ್ರತೀಕ.’
ಹತ್ತು. ಹತ್ತು. ಒಂಬತ್ತೂವರೆ. ಚಹಾ.

ನಲವತ್ತೊಂದನೆಯದು. ಹೆಸರಿನ ಜಾಗದಲ್ಲಿ
ಸೋಪಿನ ಪೊಟ್ಟಣದ ಮೇಲಿರುವಂಥ ಕಪ್ಪು ಗೆರೆಗಳು.
ಅಂಚಿನಲ್ಲಿ ಹೆಬ್ಬೆರಳಿನಷ್ಟು ಗ್ರೀಸು.
ಮೊದಲ ಪುಟ ಇಸ್ತ್ರಿ ಹಾಕಿದ ಕನ್ನಡ.
ಎರಡನೆಯದರಲ್ಲಿ ಮಡಿಕೆ ಬಿಚ್ಚಿತು:

‘ನಾನು ಪಾಂಡವಪುರದ ಕಡೇಳು ಸಾರ್.
ಕಬ್ಬು ಕಟಾವ್ ಮಿಷಿನ್ನು ಓಡುಸ್ತೀನಿ.
ಗೂಟದ ಕತೆ ನಂಗೊತ್ತು.
ನಮ್ ತಾತ ಚಿಕ್ಕಮರಿಗೌಡ, ನನ್ ಮಿಷಿನ್ ಇಳಿಯೋ ಗದ್ದೇಲಿ
ಹಳೇ ನೇಗಿಲ ಗುಳ ಹೂತಿದ್ದ.
ಬ್ಲೇಡು ಹೋಯ್ತು. ಹದಿನೆಂಟು ಸಾವ್ರ.
ರಾತ್ರಿಯೆಲ್ಲ ಬೋಲ್ಟು ಬಿಚ್ಚುವಾಗ
ಪಕ್ಕದಲ್ಲಿ ಟಾರ್ಚ್ ಇಡ್ಕಂಡು ಕುಂತಿದ್ದೋನೂ ಅವ್ನೇ.
ಬೈಲಿಲ್ಲ. ಗುಳ ಚೆನ್ನಾಗದೆ ತಾತ, ಇನ್ನೂ ಮೊಂಡಾಗಿಲ್ಲ ಅಂದೆ.
ನಕ್ಬುಟ್ಟ.
ಈ ಭಾಗ ಕಾದಂಬರೀಲಿಲ್ಲ.

ಕಟಾವಿಗೆ ಬತ್ತಿದ್ದ ಹೊಂಬಾಳಮ್ಮ ನಗಲ್ಲ.
ಸಂತೇಲಿ ಸಿಕ್ಕುದ್ರೆ ಬಿರಿದ ಅಂಗೈ ತೋರುಸ್ತಾಳೆ,
ಮಾತಾಡಲ್ಲ, ಹೋಯ್ತಾಳೆ.
ಅದಕ್ಕೆ ನನ್ನತ್ರ ಉತ್ತರ ಇಲ್ಲ, ಜಾಗ ಬಿಟ್ಟಿವ್ನಿ.’

ನಿಜ. ನಾಲ್ಕು ಸಾಲು ಖಾಲಿ.

‘ಇಂಗ್ಲಿಷಲ್ಲಿ ಮಿಷಿನ್ ಓಡ್ಸೋನು ಒಂದ್ಸಲ ಉಗೀತಾನೆ, ಅಷ್ಟೇ.
ಚೀನಾದಲ್ಲಿ ಗಿರಣಿಯೋನು ಟೋಪಿ ಹಾಕವ್ನೆ, ಅಷ್ಟೇ.
ಇಬ್ರಿಗೂ ಹೆಸರಿಲ್ಲ. ಅವರವ್ವ ಬುತ್ತಿ ಕಟ್ಟಲ್ವಾ ಸಾರ್?
ಕತ್ತೆಗೆ ಹೆಸರಿಟ್ಟವ್ರೆ.’

ಹೌದಲ್ಲ. ಕತ್ತೆಗೆ ಹೆಸರಿದೆ.
ಹನ್ನೊಂದು ವರ್ಷ ಪಾಠ ಮಾಡಿದ್ದೇನೆ,
ಅದರ ಹೆಸರಿನ ಅರ್ಥಕ್ಕೆ ಟಿಪ್ಪಣಿಯೂ ಬರೆಸಿದ್ದೇನೆ.

ಪೀಠಿಕೆಗೆ ಎರಡು, ಹೋಲಿಕೆಗೆ ಎಂಟು,
ವಿಮರ್ಶಕರ ಅಭಿಪ್ರಾಯಕ್ಕೆ ಐದು.
‘ವಿಷಯಾಂತರ’ ಎಂದು ಬರೆದೆ, ಹೊಡೆದುಹಾಕಿದೆ.
ಹದಿಮೂರು ಕೊಟ್ಟೆ.
ಮೇಲ್ವಿಚಾರಕರು ಕನ್ನಡಕದ ಮೇಲಿಂದ ನೋಡಿದರು.
‘ಗ್ರೀಸಿಗೆಷ್ಟು ಸಾರ್, ಅದರಲ್ಲಿ?’

ಸಂಜೆಯ ಪ್ಯಾಸೆಂಜರು ಪಾಂಡವಪುರ ಬಿಟ್ಟ ಮೇಲೆ
ಕತ್ತಲ ಕಬ್ಬಿನ ನಡುವೆ ಜೋಡಿ ದೀಪ,
ಸಾಲಿನ ತುದಿ ಮುಟ್ಟಿ, ಹೊರಳಿ,
ಮತ್ತೆ ಸಾಲು ಹಿಡಿಯಿತು.
ಆಲೆಮನೆಯ ಹೊಗೆಯೋ, ಡೀಸೆಲ್ಲೋ,
ಕಿಟಕಿಯಲ್ಲಿ ಸಿಹಿಯಾದ ಒಂದು ಕಮಟು.

ಆ ದೀಪ ಅವಳದೇ ಆಗಬೇಕಿಲ್ಲ.
ಆದರೂ ಎದ್ದೆ,
ಬಾಗಿಲವರೆಗೆ ಹೋದೆ,
ಕೂಗಲು ಏನಿತ್ತು, ಸಂಕೇತದ ಗೆರೆ?
ಅಷ್ಟರಲ್ಲಿ ಯಲಿಯೂರು ಬಂತು,
ಹತ್ತುವವರು ಒಳಕ್ಕೆ ದೂಡಿದರು.