ಮೊಲದ ದಿಬ್ಬ

ಲೊಟ್ಲಿಯ ಗುಡ್ಡದ ಬೆನ್ನಿಗೆ ನಾವು ಗುದ್ದಲಿ ಹಾಕಿದ ದಿನ
ಮಿಂಗೆಲ್ ಮಾಮ ಕುರ್ಚಿ ತಂದು ಕೂತ.
ಬೈಯಲು ಬಂದನೇನೋ ಅಂದುಕೊಂಡೆವು,
ಗೋವೆಯಲ್ಲಿ ನಮಗೆ ಬೈಗುಳ ಹೊಸದಲ್ಲ.
ಅವನೆಂದ: ಹಾರೆ ಹಾಕುವ ಮುಂಚೆ
ಮೂರು ಸಲ ನೆಲ ತಟ್ಟು.
ಯಾಕೆ?
ಒಳಗಿದ್ದವರಿಗೆ ಗೊತ್ತಾಗಬೇಕಲ್ಲ.

ನಮ್ಮೂರ ಮೊಲ ಬಿಲ ತೋಡುವುದಿಲ್ಲ.
ಜೋಳದ ಕೂಳೆಯಲ್ಲಿ ಮೈಯಗಲದ ತಗ್ಗು,
ಅಷ್ಟೇ ಅದರ ಮನೆ.
ಇವು ಬೇರೆ ಜಾತಿ, ಹಡಗಿನಲ್ಲಿ ಬಂದವು,
ಭಾಟಕಾರನ ಊಟದ ಮೇಜಿಗೆಂದು.
ಬಂದ ರಾತ್ರಿಯೇ ತೋಡಲು ಹತ್ತಿದವಂತೆ.
ಒಡ್ಡರ ಹಾಗೆ, ಅಂದು ನಕ್ಕ.
ನಾನೂ ನಕ್ಕೆ, ಅರ್ಧ.

ಹನ್ನೊಂದರ ಹುಡುಗನಿಗೆ ಕೊಟ್ಟ ಕೆಲಸ:
ಚಿರೇಕಲ್ಲಿನ ಗೋಡೆಯೊಳಗೆ ದಿಬ್ಬ ಕಾಯುವುದು,
ಮಳೆಗೆ ಮೊದಲು ಬಸಿಗಾಲುವೆ ಬಿಡಿಸುವುದು,
ಹೆಬ್ಬಾವು ತೂರುವ ತೂತಿಗೆ ಸೀಗೆಮುಳ್ಳು,
ಇಗರ್ಜಿಯ ಸಂಜೆಗಂಟೆಗೆ ಕಿವಿಗಳ ಎಣಿಕೆ.
ಗಬ್ಬದ ಹೆಣ್ಣನ್ನು ಬೆರಳಲ್ಲೇ ಗುರುತಿಸುತ್ತಿದ್ದ,
ಹೊಟ್ಟೆಯಡಿ ನೆಲ್ಲಿಕಾಯಿ ಸಾಲು.
ಹೆರುವ ಮುನ್ನಾದಿನ ಅವಳು
ಎದೆಯ ತುಪ್ಪಳ ತಾನೇ ಕಿತ್ತು ಹಾಸುತ್ತಿದ್ದಳಂತೆ.
ಆ ವಾರ ಅಡುಗೆಮನೆಯಿಂದ ಯಾರು ಬಂದರೂ
ಇವತ್ತು ಒಂದೂ ಹೊರಬಿದ್ದಿಲ್ಲ, ಅನ್ನುತ್ತಿದ್ದ.
ಭಾನುವಾರ ಪಾದ್ರಿಯ ಮುಂದೆ ಅದೊಂದೇ ಪಾಪ.

ಹಬ್ಬಕ್ಕೆ ಮಾತ್ರ ಮುಂಗುಸಿ.
ಕೊರಳಿಗೆ ಹಿತ್ತಾಳೆ ಗೆಜ್ಜೆ ಕಟ್ಟಿ ಒಂದು ಬಾಯಿಂದ ಬಿಟ್ಟರೆ
ಉಳಿದ ಬಾಯಿಗಳಲ್ಲಿ ಬಲೆ.
ಗುಡ್ಡದ ಹೊಟ್ಟೆಯಲ್ಲಿ ಗೆಜ್ಜೆ ಹರಿದಾಡುವುದನ್ನು
ನೆಲಕ್ಕೆ ಕಿವಿಯಿಟ್ಟು ಕೇಳುತ್ತಿದ್ದ.
ಒಂದು ಸಲ ಗೆಜ್ಜೆ ನಿಂತಿತು. ಮುಂಗುಸಿ ಬರಲಿಲ್ಲ.
ಅದೇ ವರ್ಷ ಭಾಟಕಾರನೂ ಲಿಸ್ಬನ್ನಿಗೆ ಹೋದ,
ಸಂಬಳ ಕೊಡದೆ, ಮೊಲ ಯಾರವೆಂದೂ ಹೇಳದೆ.

ನಾ ಹಿಡಿದ ಮೊಲಕ್ಕೆ ಮೂರೇ ಕಾಲು
ಅನ್ನಬೇಕಿತ್ತು ಮಾಮ, ಅಂದೆ.
ನಮ್ಮ ಗಾದೆ ಅವನಿಗೆ ತಿಳಿಯದು.
ಇಲ್ಲ ಬಾಯೆ, ನಾಲ್ಕು.
ನಾಲ್ಕರಲ್ಲೂ ಓಡಿದವು.

ಮೂರನೇ ದಿನ ಹಾರೆ ಸರಕ್ಕನೆ ಒಳಗೆ ಹೋಯಿತು.
ತೋಳು ಹಾಕಿದೆ. ತಣ್ಣನೆ ಹಳೇ ಗಾಳಿ.
ಗೋಡೆಯುದ್ದ ಉಗುರಿನ ಗೀರು,
ನನ್ನ ಗುದ್ದಲಿಯದೇ ಕೈಬರಹ, ಸಣ್ಣದಾಗಿ.
ಪೊಳ್ಳಿಗೆ ಕಾಂಕ್ರೀಟು ಸುರಿಯಿರೆಂದ ಸುಪರ್‌ವೈಜರ್.
ಸುರಿಯುವ ಮುಂಚೆ ಮೂರು ಸಲ ತಟ್ಟಿದೆ,
ಯಾರೂ ನೋಡದ ಹಾಗೆ.

ಸಿಕ್ಕ ಗೆಜ್ಜೆಯನ್ನು ಹುಣಸೆಹಣ್ಣಲ್ಲಿ ತಿಕ್ಕಿ
ಮಗಳ ಉಡಿದಾರಕ್ಕೆ ಪೋಣಿಸಿದೆ.
ಅವನಿಗೆ ಕೊಡಬೇಕಿತ್ತೇನೋ. ಕೊಡಲಿಲ್ಲ.
ಮರಳಿನ ಗುಡ್ಡೆಯ ಹಿಂದೆ ಅವಳು ತೆವಳುತ್ತಾಳೆ,
ಕುರ್ಚಿಯಲ್ಲಿ ಮುದುಕ ತಲೆ ತಿರುಗಿಸುತ್ತಾನೆ
ಗೆಜ್ಜೆ ಹೋದ ಕಡೆಗೆಲ್ಲ,
ಒಂದು ಕೈ ಗಾಳಿಯಲ್ಲಿ, ಬಲೆ ಹಿಡಿದ ಹಾಗೆ.