ಏಳು ಪೌಂಡು, ಎರಡು ಔನ್ಸು

ಕಬ್ಬಿಣದ ಸಾಮಾನಿನಂಗಡಿಯ ಮೇಲೆ ನನ್ನ ಆಫೀಸು.
ಮೆಟ್ಟಿಲು ಹದಿನೇಳು. ಆರ್ಡಿತ್ ಲಿಬ್ಬಿ
ಒಂಬತ್ತನೆಯದರಲ್ಲಿ ನಿಂತು, ಸುಧಾರಿಸಿಕೊಂಡು ಬಂದರು.
ಬಿಸ್ಕತ್ತಿನ ಡಬ್ಬಿಯ ತುಂಬ ಕಾಗದ,
ಎಲ್ಲಕ್ಕಿಂತ ಮೇಲೆ ಬ್ಯಾಂಕಿನದು:
'ನೀವು ಹುಟ್ಟಿದ್ದು ಬೇರೆ ದೇಶವೆಂದು ಕಡತ ಹೇಳುತ್ತದೆ.
ದಯವಿಟ್ಟು ವಿವರಿಸಿ.'

ವಿವರಿಸಲು ಏನಿದೆ, ಕಿಟಕಿಯಲ್ಲೇ ಕಾಣುತ್ತದೆ ಬೇರೆ ದೇಶ.
ಈಚೆ ನಮ್ಮ ಸೇಂಟ್ ಸ್ಟೀಫನ್,
ನಡುವೆ ಹೊಳೆ, ಹೊಳೆಯಾಚೆ ಕ್ಯಾಲಸ್.
ಗಾಳಿ ತಿರುಗಿದರೆ ಚಾಕೊಲೇಟ್ ಕಾರ್ಖಾನೆಯ ಘಮ
ಪಾಸ್‌ಪೋರ್ಟಿಲ್ಲದೆ ಸೇತುವೆ ದಾಟುತ್ತದೆ.
ಐವತ್ತೇಳರ ಫೆಬ್ರವರಿ, ಹಿಮಗಾಳಿ,
ಈ ದಡದ ಆಸ್ಪತ್ರೆಯ ಬಾಯ್ಲರ್ ಒಡೆದಿತ್ತಂತೆ;
ಅಮ್ಮ ಆ ದಡದಲ್ಲಿ ಹೆತ್ತರು.
ನಾಲ್ಕು ದಿನ. ಅಷ್ಟೇ ಅಮೆರಿಕ.
ಐದನೆಯ ದಿನ ಬಟ್ಟೆಬುಟ್ಟಿಯಲ್ಲಿ ಮಲಗಿ ಮನೆಗೆ.

ಆಮೇಲೆ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ್ದು,
ಇಲ್ಲಿಯ ತೆರಿಗೆ ಒಂದು ವರ್ಷವೂ ತಪ್ಪಿಸದ್ದು,
ಇದಾವುದೂ ಆಚೆ ದಡಕ್ಕೆ ಕೇಳಿಸಿಲ್ಲ.

ಫಾರಮು ಬಿಡಿಸಿದೆ. 'ವಿದೇಶಿ ಖಾತೆ ಎಷ್ಟು?'
'ಒಂದೂ ಇಲ್ಲಪ್ಪ.'
ರಸ್ತೆಯಾಚೆಯ ಬ್ಯಾಂಕು ತೋರಿಸಿದೆ:
ಮೊದಲ ಸಂಬಳ ಬಿದ್ದದ್ದು, ಗಂಡನ ಶವಪೆಟ್ಟಿಗೆಗೆ
ಚೆಕ್ಕು ಹರಿದದ್ದು, ಡಿಸೆಂಬರಿಗೊಮ್ಮೆ
ಪುಕ್ಕಟೆ ಕ್ಯಾಲೆಂಡರ್ ಕೊಡುವುದು.
'ಅದು ವಿದೇಶಿಯೆ?'
'ಅವರಿಗೆ.'
'ಹಾಗಾದರೆ ನಾನು ಯಾರಿಗೆ ಏನು?'
ಅದಕ್ಕೆ ಫಾರಮಿನಲ್ಲಿ ಕಲಂ ಇರಲಿಲ್ಲ.

ಕರ್ಲಿಂಗ್ ಕ್ಲಬ್ಬಿನ ಖಜಾಂಚಿಯೆಂದು ಸಹಿ ಹಾಕುತ್ತಾರೆ: ಅದನ್ನೂ ಬರೆಯಬೇಕು.
ವರ್ಷದಲ್ಲಿ ಖಾತೆ ಅತಿ ಹೆಚ್ಚು ಉಬ್ಬಿದ ದಿನ:
ಐಸಿನ ಯಂತ್ರದ ರಿಪೇರಿಗೆಂದು ಬೀನ್ಸಿನೂಟ ಹಾಕಿ ಎತ್ತಿದ್ದು,
ನವೆಂಬರ್ ಒಂಬತ್ತು, ಆರು ಸಾವಿರದ ನೂರಾ ನಲವತ್ತು.
ಮಾತು ಬಾರದ ಮೊಮ್ಮಗ ಟೋಬಿಯಸ್‌ಗೆಂದು
ತಿಂಗಳಿಗೆ ಐವತ್ತರಂತೆ ಕೂಡಿಟ್ಟದ್ದು...
ಪೆನ್ನು ನಿಂತಿತು.
ಹಳೆಯ ವರ್ಷಗಳ ಲೆಕ್ಕಕ್ಕೆ ಅದರ ಹೆಸರು
ವಿದೇಶಿ ಟ್ರಸ್ಟ್ ಎಂದಾಗಬಹುದು.

ಆ ಪದ ನನಗೆ ಹಳೆಯ ನೆಂಟ.
ಹನ್ನೊಂದು ವರ್ಷ ಬೆಚ್ಚನೆಯ ಒಂದು ದ್ವೀಪದಲ್ಲಿ
ನೂರಾ ಹದಿನಾರು ಕಂಪನಿಗಳಿಗೆ ನಾನು ನಿರ್ದೇಶಕ.
ಎಲ್ಲಕ್ಕೂ ಸೇರಿ ಒಂದು ಅಂಚೆಪೆಟ್ಟಿಗೆ.
ಒಂದು, ಹಡಗಿನ ಒಡತಿ; ಇನ್ನೊಂದು, ಆ ಒಡತಿಯ ಒಡತಿ;
ಮೂರನೆಯದಕ್ಕೆ ಮರೆಯುವುದೇ ಉದ್ಯೋಗ.
ಅವಕ್ಕೆ ಹುಟ್ಟೂರಿರಲಿಲ್ಲ, ಹೆತ್ತ ನೋವಿರಲಿಲ್ಲ,
ಹೊಕ್ಕುಳಿರಲಿಲ್ಲ. ಹೊಕ್ಕುಳೇ ಇಲ್ಲದ್ದನ್ನು
ಯಾವ ದೇಶ ಬಳ್ಳಿ ಹಿಡಿದು ಎಳೆದೀತು?
ಮೂರಕ್ಕೆ ಸಹಿ ಹಾಕಿ, ಮೂರೂವರೆಗೆ ಈಜಲು ಇಳಿಯುತ್ತಿದ್ದೆ.
'ದಯವಿಟ್ಟು ವಿವರಿಸಿ' ಎಂದು
ಒಂದು ಕಾಗದವೂ ಬರಲಿಲ್ಲ.

ಇದನ್ನು ಆರ್ಡಿತ್‌ಗೆ ಹೇಳಲಿಲ್ಲ.
'ದಂಡ ಬೀಳುತ್ತದೆಯೆ?'
'ಬೀಳದ ಹಾಗೆ ಬರೆಯೋಣ.
ಗೊತ್ತಿರಲಿಲ್ಲ ಎನ್ನುವುದಕ್ಕೂ ಒಂದು ಫಾರಮಿದೆ.
ನಿಮ್ಮ ಮಾತಿನಲ್ಲೇ ಹೇಳಿ.'
ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲ, ಗೊತ್ತು.
ಆದರೂ ಬರೆದುಕೊಂಡೆ:

ಸೇತುವೆಯ ಈ ತುದಿಗೆ ಸುಂಕದವನು
ಅಪ್ಪನ ಟ್ರಕ್ಕು ತಡೆದನಂತೆ. ಟಾರ್ಚು ಬಿಟ್ಟು,
'ಘೋಷಿಸುವಂಥದ್ದು ಏನಾದರೂ?'
ಅಪ್ಪ ಕಂಬಳಿಯ ಅಂಚು ಸರಿಸಿದರು.
'ಏಳು ಪೌಂಡು, ಎರಡು ಔನ್ಸು. ಹೆಣ್ಣು.'
ಅವನು ಟೋಪಿ ತೆಗೆದನಂತೆ, ಆ ಚಳಿಯಲ್ಲಿ.
ಪುಸ್ತಕ ತೆರೆಯಲಿಲ್ಲ. ಕೈಬೀಸಿ ಬಿಟ್ಟ.

'ಅಲ್ಲೇ ಎಡವಟ್ಟಾದದ್ದು,' ಎಂದರು ಆರ್ಡಿತ್,
ಡಬ್ಬಿಯ ಮುಚ್ಚಳ ಒತ್ತುತ್ತ.
'ಅಪ್ಪ ಒಂದು ರಸೀತಿ ಕೇಳಬೇಕಿತ್ತು.'