ನಂಬುವ ಗುಣವಾಚಕಗಳು

ಗ್ರಿಮ್ಸ್‌ಬಿಯಲ್ಲಿ ಮಂಗಳವಾರ ಸಂಜೆ ಆರೂವರೆ.
ಹಡಗಾಳುಗಳ ಹಳೆ ಛತ್ರದ ಮಹಡಿಯಲ್ಲಿ
ಗ್ಲೆನಿಸ್ ಹಾರ್‌ಕ್ರಾಫ್ಟ್ ಬೋರ್ಡು ಒರೆಸಿದಳು, ತೋಳಿನಿಂದಲೇ.
ಡಸ್ಟರು ಕಳೆದು ಎರಡು ವಾರ.
ಕೆಳಗಿನ ಓಣಿಯಿಂದ ಹೊಗೆ ಹಾಕಿದ ಮೀನಿನ ವಾಸನೆ
ಮೆಟ್ಟಿಲು ಹತ್ತಿ ಬಂದು ಕೂರುತ್ತದೆ, ಹಾಜರಿ ಕೊಡದೆ.

ಐದು ಜನ. ಲಿಥುವೇನಿಯಾದ ಡೈವಾ,
ಹೆಬ್ಬೆರಳಿಗೆ ಮೀನು ಸೀಳುವ ಚಾಕುವಿನ ಗಾಯ, ನೀಲಿ ಪಟ್ಟಿ.
ಕ್ಷೌರದಂಗಡಿಯ ಕುರ್ದಿ ಹುಡುಗ ರೇಬ್ವಾರ್.
ಎದೆಜೇಬಿನಲ್ಲಿ ಲಕೋಟೆ ಮಡಿಸಿಟ್ಟ ಎರಿಟ್ರಿಯಾದ ಓಕ್ಬಾಯ್.
ಹೀಟರಿಗಾಗಿ ಬರುವ ಇನ್ನಿಬ್ಬರು.

ಪಾಠ ಇಷ್ಟು: ಒಂದು ಗುಣವಾಚಕ, ಆಮೇಲೆ ದಟ್,
ಆಮೇಲೆ ಒಂದಿಡೀ ವಾಕ್ಯ.
ಐ ಆಮ್ ಗ್ಲಾಡ್ ದಟ್ ಯೂ ಕೇಮ್.
ಮೊದಲು ಮನಸ್ಸು, ಹಿಂದಿನಿಂದ ಸಂಗತಿ.

ನಾನಿದನ್ನು ಹೇಳುತ್ತಿರುವ ಭಾಷೆಯಲ್ಲಿ ಹಾಗಲ್ಲ ನೋಡಿ.
ನೀನು ಬಂದದ್ದಕ್ಕೆ, ಅನ್ನುತ್ತೇವೆ,
ಬಂದವರು ಚಾಪೆಯ ಮೇಲೆ ಕೂತು ನೀರು ಕುಡಿದ ಮೇಲೆ
ಒಳಗಿನಿಂದ ಬರುತ್ತದೆ ಸಂತೋಷ,
ಸೆರಗಿಗೆ ಕೈ ಒರೆಸಿಕೊಳ್ಳುತ್ತ.
ಇಂಗ್ಲಿಷಿನ ಸಂತೋಷ ಬಾಗಿಲಲ್ಲೇ ನಿಂತಿರುತ್ತದೆ,
ಬರುವವರು ಯಾರೆಂದು ತಿಳಿಯುವ ಮುಂಚೆ.
ಓಕ್ಬಾಯ್‌ನ ತಿಗ್ರಿನ್ಯವೂ ನಮ್ಮ ದಾರಿಯದೇ.
ವಾಕ್ಯ ಕಟ್ಟುವಾಗ ಅವನು
ಅಂಗಿಯನ್ನು ತಿರುವುಮುರುವು ತೊಟ್ಟವನಂತೆ ಭುಜ ಅಲುಗಿಸುತ್ತಾನೆ.
ಡೈವಾಗೆ ಕಷ್ಟವಿಲ್ಲ. 'ನಾವು ಕದ್ ಅಂತೀವಿ, ಅಷ್ಟೇ.'

ಇನ್ನೊಂದು ಬಗೆ. ಇಟ್ ಈಸ್ ಆಡ್ ದಟ್. ಇಟ್ ಈಸ್ ಲೈಕ್ಲಿ ದಟ್.
'ಈ ಇಟ್ ಯಾರು?' ಕೇಳಿದ ರೇಬ್ವಾರ್.
ಗ್ಲೆನಿಸ್ ತನ್ನ ಕೋಟನ್ನು ಖಾಲಿ ಕುರ್ಚಿಗೆ ಹಾಕಿದಳು.
'ಯಾರೂ ಅಲ್ಲ. ಜಾಗ ಹಿಡಿದಿದೆ.
ಕೂರುವವರು ಹಿಂದೆ ಬರುತ್ತಿದ್ದಾರೆ.'
ಬಸ್ಸಿನ ಕಿಟಕಿಯಿಂದ ಟವೆಲು ಎಸೆದ ಹಾಗೆ, ಅನ್ನಿ.

ಆಗ ಓಕ್ಬಾಯ್ ಲಕೋಟೆ ಬಿಚ್ಚಿದ.
ಮೂರನೆಯ ಪುಟ, ಹದಿನೆಂಟನೆಯ ಅಂಶ.
ಬೆರಳಿಟ್ಟು ಓದಿದ, ಒಂದೊಂದೇ ಪದ:
ಇಟ್ ಈಸ್ ನಾಟ್ ಕ್ರೆಡಿಬಲ್ ದಟ್
ನಿನ್ನ ತಮ್ಮ ಎರಡು ರಾತ್ರಿ ಬರಿಗೈಯಲ್ಲಿ
ದೋಣಿಯ ನೀರು ಮೊಗೆದ.
'ಈ ಇಟ್ ಕೂಡ
ಯಾರೂ ಅಲ್ಲವಾ, ಮಿಸ್?'

ಹೀಟರು ಟಿಕ್ಕೆಂದಿತು.
ಅದರ ಕೆಳಗೇ ಇನ್ನೊಂದು ಸಾಲು, ನಾಟ್ ಸ್ಯಾಟಿಸ್ಫೈಡ್ ದಟ್.
ಹೋದ ವಾರ ಆ ಪದವನ್ನು ಅವಳು
ಊಟ, ಚಹಾ, ಹೋಟೆಲಿನ ಕೋಣೆಯ ಜೊತೆ ಕಲಿಸಿದ್ದಳು.

ಬೋರ್ಡಿನ ನಡುವೆ ಗೆರೆ ಎಳೆದಳು, ಸೊಟ್ಟಗೆ.
ಎಡಕ್ಕೆ ಗ್ಲಾಡ್, ಸಾರಿ, ಪ್ರೌಡ್, ಆಡ್.
ಬಲಕ್ಕೆ ಲೈಕ್ಲಿ, ಪಾಸಿಬಲ್, ಕ್ರೆಡಿಬಲ್.
'ಎಡಗಡೆಯವು ಮೊದಲೇ ನಂಬಿ ಆಮೇಲೆ ಬಾಯಿ ಬಿಡುತ್ತವೆ.
ಅವನು ಹೋದದ್ದಕ್ಕೆ ನನಗೇನೂ ಬೇಸರವಿಲ್ಲ ಅನ್ನಿ,
ಬೇಸರ ಇಲ್ಲವಾಗುತ್ತದೆ. ಅವನು ಹೋದದ್ದು ಹೋದದ್ದೇ.
ಬಲಗಡೆಯವು ತಕ್ಕಡಿ ಹಿಡಿದು ನಿಂತವು.
ಅಲ್ಲಿ ಒಂದು ನಾಟ್ ಹಾಕಿದರೆ ಇಡೀ...'
ದೋಣಿ ಎಂಬ ಪದ ನಾಲಗೆಗೆ ಬಂದಿತ್ತು.
ನುಂಗಿದಳು. ಸೀಮೆಸುಣ್ಣ ಕೆಳಗಿಟ್ಟಳು.

ಐದು ನಿಮಿಷ, ಒಂದೊಂದು ವಾಕ್ಯ ಬರೆಯಿರಿ.
ಶುಕ್ರವಾರ ಸಂಬಳ ಬರುತ್ತದೆಂದು ಡೈವಾಗೆ ಶ್ಯೂರ್.
ಮಾಲೀಕ ಕತ್ತರಿ ಕೊಡುವುದಿಲ್ಲವೆಂದು ರೇಬ್ವಾರ್‌ಗೆ ಸಿಟ್ಟು.
ಓಕ್ಬಾಯ್ ಬರೆದ:
ಐ ಆಮ್ ಪ್ರೌಡ್ ದಟ್,
ಆಮೇಲೆ ತಮ್ಮ, ಎರಡು ರಾತ್ರಿ, ಕೈ, ನೀರು.
ಒಂದು ಕಾಗುಣಿತ ತಪ್ಪಿತ್ತು. ತಿದ್ದಿದಳು.
'ಮಾತಿನಲ್ಲಾದರೆ ದಟ್ ಬಿಡಬಹುದು.'
ಅವನು ತಲೆಯಾಡಿಸಿದ, ಬಿಡಲಿಲ್ಲ.
ಆ ಮೂರು ಪುಟಗಳ ಮೇಲೆ ಈ ಹಾಳೆಯನ್ನಿಟ್ಟು
ಒಟ್ಟಿಗೇ ಮಡಿಸಿದ.

ಮೇಲ್ಮನವಿಗೆ ಇದು ಬಾರದೆಂದು ಇಬ್ಬರಿಗೂ ಗೊತ್ತು.

ಡೈವಾ ಚೀಲದ ಜಿಪ್ಪು ಎಳೆಯುತ್ತ ಕೇಳಿದಳು,
'ಇದು ಪರೀಕ್ಷೆಗೆ ಬರುತ್ತಾ?'
'ಲೈಕ್ಲಿ,' ಅಂದಳು ಗ್ಲೆನಿಸ್,
ಬಲಗಡೆಯ ಸಾಲಿನಿಂದ ತೆಗೆದು.